ಗೌಜಲಕ್ಕಿ ಕೂಗುವ ಹೊತ್ತು

ಶಿವರಾತ್ರಿ ಕಳೆದು ನಾಲ್ಕು ದಿನ. ಬೆಳಗಿನ ಜಾವ ಐದು ಗಂಟೆಗೆ ಹೊಳಲೂರಿನ ರಸ್ತೆಯಲ್ಲಿ ಎಚ್ಚರವಾಗಿರುವುದು ಒಂದು ಚಹಾದಂಗಡಿ, ಎರಡು ನಾಯಿ, ಅಷ್ಟೇ. ಹೊನ್ನಾಳಿ ಕಡೆಯಿಂದ ಬಂದ ಹಾಲಿನ ವ್ಯಾನೊಂದು ಕ್ಯಾನುಗಳನ್ನು ಕುಲುಕಿಸುತ್ತ ಶಿವಮೊಗ್ಗದ ಕಡೆ ಹೋಗುತ್ತದೆ. ಆಮೇಲೆ ಮತ್ತೆ ಸದ್ದಿಲ್ಲ. ಪೂರ್ವಕ್ಕೆ ಹೊಳೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದೇ ಹೆಸರಾಗಿ ಇತ್ತ ಹರಿದು ಬರುವ ನೀರಿನ ತಂಪು ಗಾಳಿಯಲ್ಲಿ ತೇಲಿ ಬಂದು ಕಿವಿಯ ತುದಿಗೆ ತಾಗುತ್ತದೆ.

ಅಜ್ಜ ಕಂಬಳಿ ಹೊದ್ದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾರೆ. ಎಂಬತ್ತಕ್ಕೆ ಎರಡು ಕಮ್ಮಿ. ಬರಿಗಾಲು. ನನ್ನ ಕೈಯಲ್ಲಿದ್ದ ಟಾರ್ಚಿನ ಕಡೆ ನೋಡಿ, "ಅದನ್ನ ಆರ್‍ಸು ತಮ್ಮಾ. ಬೆಳಕಿದ್ರೆ ಕಿವಿ ಮಂದ ಆಗ್ತದೆ" ಅನ್ನುತ್ತಾರೆ. ಲೋಟ ಬರಿದಾಗುತ್ತಲೇ ಎದ್ದು ನಡೆಯುತ್ತಾರೆ. ಅವರ ಕಂಬಳಿಯ ಕಪ್ಪನ್ನೇ ಗುರಿಯಾಗಿಟ್ಟುಕೊಂಡು ನಾನು ಹಿಂದೆ.

ಊರು ಮುಗಿದ ಕೂಡಲೇ ಅಡಿಕೆ ತೋಟ. ತೋಟದೊಳಗಿನ ಕತ್ತಲು ಬೇರೆ ತರಹದ್ದು, ಒದ್ದೆಯಾಗಿ ಮೈಗೆ ಅಂಟುತ್ತದೆ. ಎಲ್ಲೋ ಹನಿ ನೀರಾವರಿಯ ಪೈಪು ಸೋರುವ ಸದ್ದು. ನಾಲೆಯ ಏರಿ ಹತ್ತಿ ಇಳಿದರೆ ಗದ್ದೆ ಬಯಲು, ಗದ್ದೆ ದಾಟಿದರೆ ನೆಲ ಮೆಲ್ಲಗೆ ಮೇಲೇಳುತ್ತದೆ. ಕಾಲಿನ ಕೆಳಗೆ ಜಲ್ಲಿಕಲ್ಲು ಸಿಗುತ್ತದೆ, ಪಂಚೆಗೆ ಮುಳ್ಳು ಹಿಡಿಯುತ್ತದೆ. ಇದು ಹಕ್ಕಲು. ಉತ್ತರೂ ಬೆಳೆಯದ, ಬಿಟ್ಟರೂ ಕಾಡಾಗದ ನೆಲ. ಕಾರೆ, ಬಾರೆ, ಲಂಟಾನ, ಬಂದರಿಕೆ ಪೊದೆಗಳು ಒಂದಕ್ಕೊಂದು ಹೆಣೆದುಕೊಂಡು ನಡುನಡುವೆ ಒಣಹುಲ್ಲಿನ ಅಂಗಳಗಳನ್ನು ಬಿಟ್ಟಿವೆ. ಮಲೆನಾಡು ಮುಗಿದು ಬಯಲು ಶುರುವಾಗುವ ಸೀಮೆ ಇದು. ನಮ್ಮ ಕಡೆಯವರು ಇದಕ್ಕೆ ಅರೆಮಲೆನಾಡು ಎನ್ನುತ್ತಾರೆ.

ಒಂದು ಬಂಡೆಗೆ ಬೆನ್ನು ಕೊಟ್ಟು ಕೂರುತ್ತೇವೆ. ಬಂಡೆ ತಣ್ಣಗಿದೆ, ಆದರೆ ಗಾಳಿಗೆ ಅಡ್ಡವಾಗಿದೆ. ಅಜ್ಜ ಕಂಬಳಿಯ ಒಂದು ಅಂಚನ್ನು ನನ್ನ ಮೊಣಕಾಲಿನ ಮೇಲೆ ಎಸೆಯುತ್ತಾರೆ. ಇನ್ನು ಮಾತಿಲ್ಲ.

ಮೊದಲು ಕೇಳುವುದು ಟಿಟ್ಟಿಭ. ಗದ್ದೆಯ ಕಡೆ ಯಾವುದಕ್ಕೋ ಬೆದರಿ ಕಿರುಚಿ ಸುಮ್ಮನಾಗುತ್ತದೆ. ನತ್ತಿಂಗವೊಂದು ಮರಳಿ ಮರಳಿ ಒಂದೇ ಟಕ್ ಟಕ್ ಮಾಡುತ್ತಿದ್ದದ್ದು ಯಾವಾಗ ನಿಂತಿತೋ ಗೊತ್ತಾಗುವುದಿಲ್ಲ. ಆಕಾಶದ ಬುಡ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಪಿಕಳಾರ ಎರಡು ಮಾತಾಡುತ್ತದೆ. ಆಗ, ನಾವು ಕೂತಲ್ಲಿಂದ ಐವತ್ತು ಮಾರು ದೂರದ ಬಾರೆ ಪೊದೆಯಿಂದ, ಎದೆಗೇ ಬಡಿಯುವಂತೆ ಎದ್ದು ಬರುತ್ತದೆ: ಕತೀತರ್! ಕತೀತರ್! ಕತೀತರ್! ಆ ಗಾತ್ರದ ಹಕ್ಕಿಯೊಳಗೆ ಅಷ್ಟು ದನಿ ಹೇಗೆ ಹಿಡಿಯಿತೋ! ಮುಗಿಯುವ ಮೊದಲೇ ಎಡಗಡೆಯ ದಿಬ್ಬದಿಂದ ಇನ್ನೊಂದು ಉತ್ತರ ಕೊಡುತ್ತದೆ. ಅದಕ್ಕೆ ಕೆಳಗಿನ ಬೇಲಿಯಿಂದ ಮತ್ತೊಂದು.

ಇದು ಗೌಜಲಕ್ಕಿ. ಮೈಸೂರು ಕಡೆ ಕೌಜುಗ ಅನ್ನುತ್ತಾರೆ. ಹಿಂದಿಯವರ ತೀತರ್ ಎಂಬ ಹೆಸರು ಅದರ ಕೂಗಿನಿಂದಲೇ ಹುಟ್ಟಿದ್ದು.

ಅಜ್ಜ ಬೆರಳು ಮಡಿಸುತ್ತಿದ್ದಾರೆ. ಬೆಳಕು ಹರಿಯುವವರೆಗೆ ಐದು ಬೆರಳು ಮಡಿಸಿಯಾಯಿತು. ಆಮೇಲೆ ಹೊಸ ದಿಕ್ಕಿನಿಂದ ಕೂಗಿಲ್ಲ. "ಐದು ಜಾಗ. ಹೋದ ವರ್ಷ ಏಳಿತ್ತು" ಅನ್ನುತ್ತಾರೆ. "ನಮ್ಮ ಕಾಲದಾಗೆ ಎಣಿಸಕ್ಕೇ ಆಗ್ತಿರ್ಲಿಲ್ಲ. ಒಂದರ ಮೇಲೊಂದು ಬಿದ್ದು ಕೂಗ್ತಿದ್ವು. ಯಾವುದು ಯಾವ ಕಡೆಯಿಂದ ಅಂತ ಗೊತ್ತಾಗಬೇಕಾದ್ರೆ ಉಸಿರು ಹಿಡೀಬೇಕಿತ್ತು."

ಅವರಿಗೆ ಆ ಲೆಕ್ಕ ಬೇಕಿತ್ತು. ಎಲ್ಲಿ ಉರುಲು ಕಟ್ಟಬೇಕು ಎಂದು ಹೇಳುತ್ತಿದ್ದದ್ದು ಅದೇ.

ಅಜ್ಜ ಹುಡುಗರಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಹಕ್ಕಿಪಿಕ್ಕಿಯವರ ಬಿಡಾರ ಬೀಳುತ್ತಿತ್ತಂತೆ. ಅವರ ಬೆನ್ನು ಬಿದ್ದು ಕಲಿತದ್ದು. ಕುದುರೆ ಬಾಲದ ಕೂದಲನ್ನು ತೊಡೆಯ ಮೇಲೆ ಹೊಸೆದು ಕುಣಿಕೆ ಮಾಡುವುದು, ಕುಣಿಕೆಯನ್ನು ಗೇಣುದ್ದದ ಬಿದಿರ ಗೂಟಕ್ಕೆ ಕಟ್ಟುವುದು, ಅಂಥ ಇಪ್ಪತ್ತು ಮೂವತ್ತು ಗೂಟಗಳನ್ನು ಹಕ್ಕಿ ಓಡಾಡುವ ಜಾಡಿಗೆ ಅಡ್ಡವಾಗಿ ಸಾಲಾಗಿ ನೆಡುವುದು. ಸಾಲಿನ ಹಿಂದೆ ಪಂಜರದಲ್ಲಿ ಸಾಕಿದ ಗಂಡು ಗೌಜಲ. ಅದು ಕೂಗಿತೆಂದರೆ ಆ ಹಕ್ಕಲಿನ ಯಜಮಾನ ಹಕ್ಕಿ ಸುಮ್ಮನಿರುವುದಿಲ್ಲ. ನನ್ನ ಜಾಗದಲ್ಲಿ ಯಾರೋ ಅದು ಎಂದು ಕತ್ತು ನೀಡಿ ಓಡಿ ಬರುತ್ತದೆ, ಕುಣಿಕೆಗೆ ಕತ್ತು ಕೊಡುತ್ತದೆ. ಹೀಗೆ ಸೆಳೆಯಲು ಬಳಸುವ ಸಾಕುಪ್ರಾಣಿಗೆ ಹಳಗನ್ನಡದಲ್ಲಿ ದೀವ ಎಂಬ ಚೆಂದದ ಮಾತಿತ್ತು. ಈಗ ಅದು ನಿಘಂಟಿನಲ್ಲಿದೆ.

"ಗುಂಡಿಗೆ ಸಾಯೋ ಹಕ್ಕಿ ಹೆದರಿ ಸಾಯ್ತದೆ. ಇದು ಸಿಟ್ಟಾಗಿ ಬಂದು ಸಾಯ್ತಿತ್ತು" ಎಂದು ಅಜ್ಜ ಒಮ್ಮೆ ಹೇಳಿದ್ದರು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ವಿದ್ಯೆ ಅಪರಾಧವಾಯಿತು. 1991ರ ತಿದ್ದುಪಡಿಯ ನಂತರ ಪರವಾನಗಿ ಪಡೆದು ಷಿಕಾರಿ ಮಾಡುವ ಪದ್ಧತಿಯೂ ಹೋಯಿತು. ಆಗಬೇಕಾದ್ದೇ ಆಯಿತು ಎನ್ನುವವನು ನಾನು. ಆದರೆ ಹೆಸರಿನಲ್ಲೇ ಹಕ್ಕಿ ಹಿಡಿಯುವ ಕಸುಬನ್ನು ಹೊತ್ತ ಜನ ಏನಾದರು ಎಂದು ಕೇಳದೆ ಇರಲಾಗದು. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ ಆಡುವ ಅವರು ಬೇರು, ನಾರು, ಕೂದಲೆಣ್ಣೆ ಮಾರುತ್ತ ದೇಶ ದಾಟಿದರು. ಹುಣಸೂರು ಬಳಿಯ ಅವರ ಊರಿನ ಹೆಸರು ಮಾತ್ರ ಇನ್ನೂ ಪಕ್ಷಿರಾಜಪುರ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ಬಹಳ ಮಂದಿ ಇವರೇ. ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಕುಟುಂಬಗಳು. ಆಪರೇಷನ್ ಕಾವೇರಿ ಎಂದು ಹೆಸರಿಟ್ಟು ಅವರನ್ನು ಕರೆತಂದರು. ಹೊಳಲೂರಿನ ಹಕ್ಕಲಿನಲ್ಲಿ ಉರುಲು ಹೊಸೆಯುತ್ತಿದ್ದವರ ಮೊಮ್ಮಕ್ಕಳು ಅಲ್ಲಿ ಇದ್ದರೋ ಎಂದು ಅಜ್ಜ ಟೀವಿಯ ಮುಂದೆ ಕೂತು ಒಂದೊಂದೇ ಮುಖ ನೋಡಿದ್ದರಂತೆ.

ಅಜ್ಜ ಮೊಣಕೈಯಿಂದ ತಿವಿಯುತ್ತಾರೆ.

ಪೊದೆಯ ಬುಡದಿಂದ ಗೌಜಲ ಹೊರಬಂದಿದೆ. ಹನ್ನೆರಡು ಹೆಜ್ಜೆ ದೂರ. ನಿಂತಿತು, ಕತ್ತು ಎತ್ತಿತು. ದೂರದಿಂದ ಮಣ್ಣಿನ ಹೆಂಟೆಯಂತೆ ಕಾಣುವ ಮೈ. ಹತ್ತಿರದಿಂದ ನೋಡಿದರೆ ನೇಯ್ಗೆ. ಬೂದು, ಕಂದು, ಬಿಳಿಯ ಸಣ್ಣ ಸಣ್ಣ ಪಟ್ಟೆ, ಒಂದು ಎಳೆಯೂ ತಪ್ಪಿಲ್ಲ. ಗಂಟಲು ಹಳದಿ ಕೆಂಪು, ಅದರ ಸುತ್ತ ಕಪ್ಪು ಚುಕ್ಕೆಯ ತೆಳು ಹಾರ. ಕೆಂಪು ಕಾಲಿನ ಹಿಂದೆ ಮುಳ್ಳು, ಹಾಗಾದರೆ ಗಂಡು. ಹುತ್ತದ ಬುಡವನ್ನು ಕಾಲಿನಿಂದ ಎರಡು ಸಲ ಕೆದಕಿ ಗೆದ್ದಲು ಹೆಕ್ಕುತ್ತದೆ. ಅದರ ಹಿಂದೆ ಹೆಣ್ಣು, ಅವಸರದ ಪುಟ್ಟ ಹೆಜ್ಜೆ ಇಡುತ್ತ. ಎರಡೂ ಬಾಯಿ ಮುಚ್ಚಿಕೊಂಡೇ ಕೊರ್ ಕೊರ್ ಎಂದು ಮಾತಾಡಿಕೊಳ್ಳುತ್ತವೆ. ನಾನು ಉಸಿರು ಬಿಟ್ಟೆನೋ ಏನೋ, ಹಾರಲಿಲ್ಲ, ಓಡಿದವು. ಗೌಜಲ ಆದಷ್ಟೂ ಓಡುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಬುರ್ರೆಂದು ಎದ್ದು, ನೂರು ಮಾರು ಹೋಗಿ, ಇಳಿದು, ಮತ್ತೆ ಓಡುತ್ತದೆ. ಓಡುವ ಹಕ್ಕಿಗೆ ಪೊದೆ ಬೇಕು.

ಬಿಸಿಲು ಬೀಳುತ್ತಿದ್ದಂತೆ ಎದ್ದು ದಿಬ್ಬದ ನೆತ್ತಿಗೆ ಹೋಗುತ್ತೇವೆ. ಪಡುವಣದಲ್ಲಿ ಗುಡ್ಡಗಳು ಮಸುಕು ನೀಲಿ. ಅಜ್ಜ ಆ ಕಡೆ ಕೈ ತೋರಿಸುತ್ತಾರೆ. ಅವರ ತಾಯಿಯ ತವರು ತೀರ್ಥಹಳ್ಳಿ ಸೀಮೆ. ಅಲ್ಲಿನ ಬೇಟೆಯ ದಾರಿಯೇ ಬೇರೆ. ಜೋಡುನಳಿಗೆ ಕೋವಿ ಹಿಡಿದ ನಾಲ್ಕೈದು ಜನ ಆಯಕಟ್ಟಿನಲ್ಲಿ ಬಿಲ್ಲಿಗೆ, ಅಂದರೆ ಕಾವಲಿಗೆ, ನಿಲ್ಲುವುದು, ಉಳಿದವರು ನಾಯಿಗಳ ಜೊತೆ ಕೂಗು ಹಾಕುತ್ತ ಹಳು ನುಗ್ಗುವುದು. ಮಾವಂದಿರ ಜೊತೆ ಹಳು ನುಗ್ಗಿದ ಹುಡುಗ ಈ ಅಜ್ಜ. ಗುರಿ ಹಂದಿಗೆ, ಆದರೆ ಕಾಡುಕೋಳಿ ಎದ್ದರೆ ಬಿಡುತ್ತಿರಲಿಲ್ಲ. ಬಿದಿರು ಅಕ್ಕಿ ಕಟ್ಟಿದ ವರ್ಷ ಕೋಳಿಗಳು ಹಿಂಡುಗಟ್ಟಿ ಇಳಿಯುತ್ತಿದ್ದವಂತೆ. ಚಿಟ್ಟುಕೋಳಿ ಮಾತ್ರ ಸಿಕ್ಕಿದ್ದು ಕಮ್ಮಿ. ಅದು ನಾಯಿಗೂ ಸುಳಿವು ಕೊಡದೆ ಹಳುವಿನ ಬುಡದಲ್ಲೇ ನುಸುಳಿ ಹೋಗುತ್ತದೆ.

ಕಾಡುಕೋಳಿ ಹುಂಜದ ಒಂದು ಗರಿ ಅಜ್ಜನ ಮನೆಯ ದೇವರ ಪಟದ ಹಿಂದೆ ಬಹಳ ವರ್ಷ ಇತ್ತು. ಕುತ್ತಿಗೆಯ ಗರಿ. ಕಪ್ಪು ನೆಲದ ಮೇಲೆ ಬಿಳಿ, ತುದಿಗೆ ಅರಗು ಹಚ್ಚಿದಂತೆ ಹೊಳೆಯುವ ಹಳದಿ ಚುಕ್ಕೆ, ಉಗುರಿನಿಂದ ಮುಟ್ಟಿದರೆ ಗಟ್ಟಿ. ಆ ಮೇಣದ ಚುಕ್ಕೆಗಾಗಿಯೇ ದಕ್ಷಿಣ ಭಾರತದ ಕಾಡುಕೋಳಿಯ ಕತ್ತು ಒಂದು ಕಾಲಕ್ಕೆ ಬ್ರಿಟನ್ನಿಗೆ ಹಡಗು ಹತ್ತುತ್ತಿತ್ತು. ಅಲ್ಲಿನವರು ಸಾಲ್ಮನ್ ಮೀನಿನ ಗಾಳಕ್ಕೆ ಕಟ್ಟುವ ಹುಸಿ ನೊಣಕ್ಕೆ ಇದೇ ಗರಿ ಬೇಕೆನ್ನುತ್ತಿದ್ದರು. ಅದೇ ಬ್ರಿಟನ್ನಿನ ಸ್ಕಾಟ್ಲೆಂಡ್ ಗುಡ್ಡಗಳಲ್ಲಿ ಗ್ರೌಸ್ ಎಂಬ ಹಕ್ಕಿಯ ಬೇಟೆ ಇಂದಿಗೂ ಕಾನೂನುಬದ್ಧ, ಪ್ರತಿ ವರ್ಷ ಆಗಸ್ಟ್ 12ಕ್ಕೆ ಶುರು. ಬೇಟೆಗಾರರು ಹಣ ಕೊಡುತ್ತಾರೆಂದು ಆ ಗುಡ್ಡದ ಪೊದೆಗಳನ್ನು ಕಾಯ್ದಿಡುತ್ತಾರೆ. ನಮ್ಮಲ್ಲಿ ಹಕ್ಕಿಯನ್ನು ಕೊಲ್ಲುವಂತಿಲ್ಲ, ಪೊದೆಯನ್ನು ಕಾಯುವವರಿಲ್ಲ.

ಪಕ್ಷಿತಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಕೋವಿಯೇ ಅವರ ಲೇಖನಿಯಾಗಿತ್ತು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಇಡುತ್ತಿದ್ದ ಕಾಲ. ಅವರಿಗೆ ಹಕ್ಕಿಯ ಹುಚ್ಚು ಹಿಡಿದದ್ದೂ ಹುಡುಗನಾಗಿದ್ದಾಗ ಹೊಡೆದ ಒಂದು ಗುಬ್ಬಚ್ಚಿಯ ಹಳದಿ ಗಂಟಲನ್ನು ನೋಡಿ. ಕೊಂದ ಕೈಯೇ ಕಾಯುವ ಕೈಯಾಗಬಲ್ಲದು ಎನ್ನುವುದಕ್ಕೆ ನನಗೆ ದೊಡ್ಡವರ ಉದಾಹರಣೆ ಬೇಡ, ಈ ಅಜ್ಜ ಸಾಕು.

ಇಳಿಯುವಾಗ ಕಾಲಿನ ಬುಡದಿಂದಲೇ ನೆಲ ಸಿಡಿದಂತಾಗುತ್ತದೆ. ಬುರ್ರ್! ಬುರ್ರ್! ಎಂಟೋ ಹತ್ತೋ ಬುರ್ಲಿ ಹಕ್ಕಿಗಳು ಹತ್ತು ದಿಕ್ಕಿಗೆ. ನನ್ನ ಎದೆ ಬಾಯಿಗೆ ಬರುತ್ತದೆ. ಅಜ್ಜ ನಿಂತಲ್ಲೇ ನಿಂತು ಅವು ಇಳಿದ ಜಾಗಗಳನ್ನು ನೋಡಿಕೊಳ್ಳುತ್ತಾರೆ. ಹಳೆಯ ರೂಢಿ.

ಅಲ್ಲಿಂದ ಹತ್ತು ಹೆಜ್ಜೆಗೆ ಅವರು ಕೂತುಬಿಡುತ್ತಾರೆ. ಎರಡು ಪೊದೆಗಳ ನಡುವಿನ ಜಾಡಿನಲ್ಲಿ ನೈಲಾನ್ ದಾರದ ಕುಣಿಕೆಗಳು, ಆರು. ಒಂದರಲ್ಲಿ ಬೂದು ಪುಕ್ಕ ಸಿಕ್ಕಿಕೊಂಡಿದೆ, ಮಣ್ಣು ಕೆದರಿದೆ. ನಿನ್ನೆ ಸಂಜೆಯದ್ದಿರಬೇಕು. ಅಜ್ಜ ಒಂದೊಂದೇ ಗೂಟ ಕೀಳುತ್ತಾರೆ. ಬೆರಳು ನಡುಗುತ್ತಿದೆ, ವಯಸ್ಸಿಗೋ ಸಿಟ್ಟಿಗೋ ಹೇಳಲಾರೆ. "ಗಂಟು ನೋಡು. ಕಟ್ಟೋಕೂ ಬರಲ್ಲ ಇವಕ್ಕೆ. ಹಕ್ಕಿ ರಾತ್ರಿಯೆಲ್ಲ ಒದ್ದಾಡಿರ್ತದೆ." ಆರು ಕುಣಿಕೆಗಳನ್ನೂ ಸುತ್ತಿ ಬನಿಯನ್ ಜೇಬಿಗೆ ಹಾಕಿಕೊಳ್ಳುತ್ತಾರೆ.

ದಿಬ್ಬದ ಆಚೆ ಮಗ್ಗುಲಿಗೆ ಬಂದಾಗ ನನಗೆ ದಿಕ್ಕು ತಪ್ಪಿದಂತಾಗುತ್ತದೆ. ಹೋದ ವರ್ಷ ಇಲ್ಲಿ ಪೊದೆಯಿತ್ತು. ಈಗ ಕೆಮ್ಮಣ್ಣು, ಜೆಸಿಬಿಯ ಹಲ್ಲಿನ ಗೆರೆ, ಅಳತೆ ಹಿಡಿದು ತೋಡಿದ ಅಡಿಕೆ ಗುಂಡಿಗಳು, ಕೊಳವೆಬಾವಿಯ ನೀಲಿ ಪೈಪು. ಹೋದ ವರ್ಷ ಕೂಗಿದ ಏಳರಲ್ಲಿ ಎರಡು ಎಲ್ಲಿ ಕಳೆದವು ಎಂದು ಕೇಳಬೇಕಾಗಿಲ್ಲ. ಹೊನ್ನಾಳಿ, ಚನ್ನಗಿರಿ, ಭದ್ರಾವತಿ, ಎತ್ತ ಹೋದರೂ ಇದೇ ನೋಟ. ಮಲೆನಾಡಿನ ಮೇಲೆ ಅಕೇಶಿಯಾ ನೆಡುತೋಪು, ಇಲ್ಲಿ ಅಡಿಕೆ. ಅಕೇಶಿಯಾದ ಬುಡದಲ್ಲಿ ಉದುರಿದ ಎಲೆಯ ದಪ್ಪ ಹಾಸು ಬಿಟ್ಟರೆ ಹುಲ್ಲಿಲ್ಲ, ಹುಳವಿಲ್ಲ. ಅಡಿಕೆ ಹಾಕಿದವನನ್ನು ಬಯ್ಯಲು ನನಗೆ ಮನಸ್ಸಿಲ್ಲ. ಮಕ್ಕಳ ಓದು, ಮದುವೆ ಎಲ್ಲ ಆ ಗೊನೆಯಲ್ಲೇ ನಡೆಯಬೇಕು. ಆದರೆ ವನ್ಯಜೀವಿ ಕಾಯ್ದೆಯನ್ನು ಓದಿದಾಗಲೆಲ್ಲ ಒಂದು ಮಾತು ಕೊರೆಯುತ್ತದೆ. ಅದರ ಪ್ರಕಾರ ಕಾಡುಹಕ್ಕಿಯ ಗೂಡನ್ನು, ಮೊಟ್ಟೆಯನ್ನು ಕದಡಿದರೂ ಅದು ಬೇಟೆಯೇ. ಗೂಡು ಕಟ್ಟುವ ತಿಂಗಳ ಮುಂಚೆ ಪೊದೆಯನ್ನೇ ಕಿತ್ತರೆ ಏನೂ ಅಲ್ಲ.

ಹೊಸ ಗುಂಡಿಗಳಿಗೂ ಹಳೆಯ ಹೊಲಕ್ಕೂ ನಡುವೆ ಒಂದು ಮುಳ್ಳುಬೇಲಿ ಉಳಿದಿದೆ. ಕಾರೆ, ಕಳ್ಳಿ, ಒಣಗಿದ ಜಾಲಿ ಒಟ್ಟಿದ ಆಳೆತ್ತರದ ಬೇಲಿ. ಅಜ್ಜ ಅದರ ಬುಡ ತೋರಿಸುತ್ತಾರೆ. ನುಣ್ಣನೆ ಧೂಳಿನಲ್ಲಿ ಬೋಗುಣಿಯಂಥ ಎರಡು ತಗ್ಗು, ಹಕ್ಕಿಗಳು ಮಣ್ಣಿನ ಸ್ನಾನ ಮಾಡಿದ ಗುರುತು. ಅಂಚಿನಲ್ಲಿ ಮೂರು ಬೆರಳಿನ ಹೆಜ್ಜೆ.

ಹೊಲದ ಹುಡುಗ ಬೈಕ್ ನಿಲ್ಲಿಸಿ ಬರುತ್ತಾನೆ. "ಏನಜ್ಜಾ, ಬೆಳಗ್ಗೆ ಬೆಳಗ್ಗೆ?"

"ಈ ಬೇಲಿ ಯಾವಾಗ ತೆಗೀತೀಯೋ?"

"ಸೋಮವಾರ ಜೆಸಿಬಿ ಬರ್ತದೆ. ತಂತಿ, ಕಲ್ಲುಕಂಬ ಎಲ್ಲ ತಂದಾಯ್ತು."

ಅಜ್ಜ ಜೇಬಿನಿಂದ ಕುಣಿಕೆಗಳನ್ನು ತೆಗೆದು ಅವನ ಕೈಗೆ ಕೊಡುತ್ತಾರೆ. ಹುಡುಗ ನೋಡುತ್ತಾನೆ, ಮುಖ ಕೆಂಪಾಗುತ್ತದೆ. ಅಜ್ಜ ಆ ವಿಷಯ ಎತ್ತುವುದಿಲ್ಲ. "ಯುಗಾದಿ ಹೊತ್ತಿಗೆ ಇದರ ಬುಡದಾಗೆ ಮೊಟ್ಟೆ ಇಡ್ತದೆ ಕಣೋ. ಆರೋ ಏಳೋ. ಮೂರು ವಾರ ಕಾವು. ಮರಿ ಹುಟ್ಟಿದ ದಿನಾನೇ ಓಡ್ತವೆ, ಒಂದು ದಿನಾನೂ ಕೂತು ತಿನ್ನಲ್ಲ. ಅಲ್ಲೀತನಕ ಬಿಡು. ನಿನ್ನ ತಂತೀನ ಇದರ ಆಚೆಗೆ ಹಾಕ್ಕೋ."

"ಒಂದು ಸಾಲು ಗಿಡ ಕಮ್ಮಿ ಆಗ್ತದಲ್ಲಜ್ಜಾ."

"ಆಗ್ತದೆ."

ಹುಡುಗ ಬೇಲಿಯ ಉದ್ದವನ್ನು ಕಣ್ಣಿನಲ್ಲೇ ಅಳೆಯುತ್ತಾನೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಜ್ಜೆ ಹಾಕಿ ಬರುತ್ತಾನೆ. ಆಮೇಲೆ ಕುಣಿಕೆಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಫೋನ್ ತೆಗೆದು, ಜೆಸಿಬಿಯವನ ನಂಬರ್ ಹುಡುಕತೊಡಗುತ್ತಾನೆ. ಅಜ್ಜ ಆಗಲೇ ಬೇಲಿಯ ಬುಡದಲ್ಲಿ ಕೂತು, ಯಾವುದೋ ನಾಯಿ ನುಗ್ಗಿ ಮಾಡಿದ ಕಿಂಡಿಗೆ ಜಾಲಿಮುಳ್ಳು ತುಂಬುತ್ತಿದ್ದಾರೆ.