ಕೈಲ್‌ಪೊಳ್ದ್‌ಗೆ ಮೊದಲು ಕೋವಿ ನೋಡ್ಕೊಳ್ಳಿ

ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್. ಕೋವಿ ಪೂಜೆ, ಕಡುಬು-ಪಂದಿಕರಿ ಊಟ, ಆಮೇಲೆ ತೆಂಗಿನಕಾಯಿಗೆ ಗುಂಡು. ಈ ಸಲ ನಮ್ಮನೆ ಹುಡುಗೀರೂ ನಿಲ್ತಾರೆ, ಅದಕ್ಕೇ ಬರೀತಿದೀನಿ.

ಗುರಿ ತಪ್ಪಿದ್ರೆ ಎಲ್ರೂ ಕೈ ನಡುಗ್ತು ಅಂತಾರೆ. ಮಳೆಗಾಲವೆಲ್ಲ ಥಂಡೀಲಿದ್ದ ಕೋವಿನ ಯಾರೂ ಕೇಳಲ್ಲ! ಅತ್ತೆ ಕಲಿಸಿದ್ದು ಹೀಗೆ: ಮೊದಲು ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಎಣ್ಣೆಬಟ್ಟೆ ಎಳೆದು ನಳಿಗೆ ತುಕ್ಕು ತೆಗೀರಿ. ಹೊಡೆಯೋ ದಿನ ಒಣಬಟ್ಟೆ ಎಳೀರಿ. ಎಣ್ಣೆ ಉಳಿದ್ರೆ ಮೊದಲ ಗುಂಡು ಬೇರೆ ಕಡೆ ಹೋಗಬಹುದು. ತೇವ ಹಿಡಿದ ತೋಟಾ ಬೇಡ. ಠುಸ್ ಅಂದ್ರೆ ಕೋವಿ ಬಾಯಿ ಗುರಿ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ.

ಪೂಜೆಗೆ ನಳಿಗೆ ಬಾಯಿಗೆ ಸಿಗಿಸಿದ ತೋಕ್‌ಪೂ ತೆಗೆದ್ಮೇಲೆ, ಕೋವಿ ತೆರೆದು ಹಿಂದಿಂದ ಬೆಳಕು ಕಾಣುತ್ತಾ ನೋಡಿ. ಒಳಗೇನಾದ್ರೂ ಸಿಕ್ಕಿದ್ರೆ ನಳಿಗೆ ಸಿಡೀಬಹುದು. ಕಾಯಿ ಒಡೀದಿದ್ರೆ ಸಾರಿಗಾಯ್ತು, ಹುಡುಗೀರ ಕೈ ಉಳೀಲಿ.