ಬ್ರಹ್ಮಗಿರಿಯ ಬಾವಿಯಲ್ಲಿ ಕಡಲಿನ ಟಾರ್ಚು

ಮೊಳಕಾಲ್ಮೂರು ಸೀಮೆಯ ನಮಗೆ ಕಡಲು ಎಂದರೆ ಭೂಪಟದಲ್ಲಿ ಕಾಣುವ ನೀಲಿ ಬಣ್ಣ, ಅಷ್ಟೆ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅರಬ್ಬಿ ಸಮುದ್ರ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಇಂಥ ಊರಿನ ವಿಜ್ಞಾನದ ಮೇಷ್ಟ್ರನ್ನು ಒಬ್ಬರು ಹುಡುಕಿಕೊಂಡು ಬಂದು, ‘ಸಮುದ್ರದ ಒಳಗೆ ಹಿಡಿಯೋ ಟಾರ್ಚು ಯಾವುದು ಒಳ್ಳೇದು ಸಾರ್?’ ಎಂದು ಕೇಳಿದರೆ ಹೇಗಾಗಬೇಡ!

ಇದು 2022ರ ಕೊನೆಯ ಮಾತು. ಕೇಳಿದವರು ರೇಷ್ಮೆ ಸೀರೆ ನೇಯುವವರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎಸ್ಸಿ. ಮುಗಿಸಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗಕ್ಕೆ ಹೊರಟಿದ್ದಳು. ಆ ವರ್ಷ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೀರಿನೊಳಗೆ ಮುಳುಗಿದ್ದನ್ನು ನೋಡಿದ ಮೇಲಂತೂ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಳು. ಅಪ್ಪ ಆಗಲೇ ಒಂದು ಟಾರ್ಚು ತಂದಿದ್ದರು. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್, 10,000 ಲ್ಯೂಮೆನ್, 9900 ಎಂಎಎಚ್’ ಎಂದೆಲ್ಲ ಬರೆದಿತ್ತು. ‘ಬಕೆಟ್‌ನಾಗೆ ಮುಳುಗಿಸಿ ನೋಡೀನಿ ಸಾರ್, ಏನೂ ಆಗ್ಲಿಲ್ಲ’ ಎಂದರು.

‘ಭಾನುವಾರ ಮಕ್ಕಳನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋಗುತ್ತಿದ್ದೇನೆ. ಟಾರ್ಚು ತಗೊಂಡು ನೀವಿಬ್ಬರೂ ಬನ್ನಿ. ಅಲ್ಲೇ ಪರೀಕ್ಷೆ ಮಾಡೋಣ’ ಎಂದೆ.

ಬ್ರಹ್ಮಗಿರಿ ಎಂದೊಡನೆ ಅನೇಕರಿಗೆ ಕೊಡಗಿನ ಹಸಿರು ಬೆಟ್ಟ ನೆನಪಾಗುತ್ತದೆ. ನಮ್ಮ ಬ್ರಹ್ಮಗಿರಿಯೇ ಬೇರೆ. ಅಶೋಕ ಸಿದ್ಧಾಪುರದ ಬಳಿ, ಚಿಕ್ಕ ಹಗರಿ ಹಳ್ಳದ ಸೀಮೆಯಲ್ಲಿ, ದೊಡ್ಡ ದೊಡ್ಡ ಗುಂಡುಗಳನ್ನು ಯಾರೋ ರಾಶಿ ಹಾಕಿದಂತೆ ಕಾಣುವ ಒಣ ಗುಡ್ಡ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿ, ಕಲ್ಲಿನ ಕೊಡಲಿಯ ಕಾಲದಿಂದ ಶಾತವಾಹನರ ಕಾಲದವರೆಗೆ ಜನ ಬಾಳಿದ ಗುರುತುಗಳನ್ನು ಪದರ ಪದರವಾಗಿ ತೋರಿಸಿದರು. ಶಾಸನದ ಬಂಡೆಗೆ ಊರಿನವರ ಹೆಸರು ‘ಅಕ್ಷರ ಗುಂಡು’. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ರಾಜಾಜ್ಞೆ ಅದರಲ್ಲಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. (ಕೊನೆಯ ಮಾತನ್ನು ನಾನು ಮಕ್ಕಳಿಗೆ ಎರಡು ಸಲ ಹೇಳುವುದುಂಟು!) ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ.

ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಅಕ್ಷರಗಳು, ಸವೆದಿವೆ. ಹುಡುಗನೊಬ್ಬ ಟಾರ್ಚನ್ನು ಬಂಡೆಗೆ ನೇರವಾಗಿ ಬಿಟ್ಟ. ಬಂಡೆ ಬೆಳ್ಳಗೆ ಹೊಳೆಯಿತೇ ಹೊರತು ಅಕ್ಷರ ಕಾಣಲಿಲ್ಲ. ‘ಪಕ್ಕಕ್ಕೆ ಹೋಗು, ಬಂಡೆಯ ಮೈಗೆ ಓರೆಯಾಗಿ ಹಿಡಿ’ ಎಂದೆ. ಒಂದೊಂದು ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಬಂದವು. ಕಲ್ಲನ್ನು ಯಾರೂ ಮುಟ್ಟಲಿಲ್ಲ. ಸೀಮೆಸುಣ್ಣ, ನೀರು ಯಾವುದೂ ಬೇಕಾಗಲಿಲ್ಲ.

‘ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಮ್ಮ’ ಎಂದೆ ಹುಡುಗಿಗೆ. ‘ಕಡಲಿನ ನೀರಿನಲ್ಲಿ ಸಣ್ಣ ಕಣಗಳು ತೇಲುತ್ತಿರುತ್ತವೆ. ಟಾರ್ಚನ್ನು ಮುಖದ ಪಕ್ಕದಲ್ಲೇ ಹಿಡಿದರೆ ಆ ಬೆಳಕು ಕಣಗಳಿಗೆ ಬಡಿದು ನಿನ್ನ ಕಣ್ಣಿಗೇ ವಾಪಸು ಬರುತ್ತದೆ. ಮಂಜಿನಲ್ಲಿ ಲಾರಿಯ ಹೈಬೀಮ್ ಹಾಕಿದ ಹಾಗೆ. ಕೈ ಚಾಚಿ, ಸ್ವಲ್ಪ ಓರೆಯಾಗಿ ಹಿಡಿಯಬೇಕು.’ ಅಗಲವಾಗಿ ಹರಡುವ ಬೆಳಕು ಹೆಚ್ಚು ಕಣಗಳನ್ನು ಬೆಳಗಿಸುತ್ತದೆ. ಬಂಡೆಯ ಸಂದಿಯಲ್ಲಿ ಇಣುಕಲು ಹತ್ತು ಡಿಗ್ರಿಯ ಆಸುಪಾಸಿನ ಕಿರಿದಾದ ಕಿರಣವೇ ಮೇಲು. ಅಗಲ ಬೆಳಕು ಫೋಟೋ, ವಿಡಿಯೋ ತೆಗೆಯುವವರಿಗೆ.

‘ಹಗಲು ಹೊತ್ತು ಟಾರ್ಚು ಯಾಕೆ ಸಾರ್?’ ಎಂದ ಇನ್ನೊಬ್ಬ. ಉತ್ತರವನ್ನು ನೇಕಾರರಿಂದಲೇ ಹೊರಡಿಸಿದೆ. ‘ಸೀರೆ ಬಣ್ಣ ಹೇಗೆ ನೋಡ್ತೀರಿ?’ ‘ಟ್ಯೂಬ್‌ಲೈಟ್‌ನಾಗೆ ನೋಡಿದ್ರೆ ಮೋಸ ಸಾರ್. ಹೊರಗೆ ಬಿಸಿಲಿಗೆ ಹಿಡೀಬೇಕು.’ ಸರಿಯಾದ ಮಾತು! ನೀರು ಬಿಸಿಲಿನಲ್ಲಿರುವ ಕೆಂಪನ್ನು ಮೊದಲು ಹೀರುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಮಂಕಾಗುತ್ತದೆ. ಆಮೇಲೆ ಕಿತ್ತಳೆ, ಹಳದಿ. ಹತ್ತಿರದಿಂದ ಟಾರ್ಚು ಬಿಟ್ಟರೆ ಬೆಳಕು ದಾಟಬೇಕಾದ ನೀರು ಕಡಿಮೆ, ಬಣ್ಣ ಮರಳುತ್ತದೆ. 1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಹೋಗುವಾಗ ಕಡಲು ಏಕೆ ನೀಲಿ ಎಂದು ಕೇಳಿಕೊಂಡು, ಜೇಬಿನ ಸಣ್ಣ ಪಟ್ಟಕದಿಂದಲೇ ಪರೀಕ್ಷೆ ಮಾಡಿದರು. ಉಪಕರಣ ಚಿಕ್ಕದಿದ್ದರೂ ಸಾಕು, ಸರಿಯಾಗಿರಬೇಕು.

ಇನ್ನು ಬಾವಿಯ ಪರೀಕ್ಷೆ. ಆ ವರ್ಷ ಮಳೆ ಚೆನ್ನಾಗಿತ್ತು. ಗುಡ್ಡದ ಕೆಳಗಿನ ತೋಟದ ಬಾವಿಯಲ್ಲಿ ಮೂವತ್ತು ಅಡಿ ನೀರಿತ್ತು. ಮಕ್ಕಳನ್ನು ಕಟ್ಟೆಯಿಂದ ದೂರ ನಿಲ್ಲಿಸಿ, ತೋಟದವರಿಂದಲೇ ಕೆಲಸ ಮಾಡಿಸಿದೆ. ಮೊದಲು ಟಾರ್ಚಿನ ಸೆಲ್ ತೆಗೆದೆವು. ನೀರು ಒಳಗೆ ಹೋದರೆ ಲಿಥಿಯಂ ಸೆಲ್ ಅಪಾಯಕಾರಿ. ಅದರ ಜಾಗದಲ್ಲಿ ಒಣ ಟಿಶ್ಯೂ ಕಾಗದ ತುರುಕಿ, ಮುಚ್ಚಳ ಬಿಗಿದು, ಕಲ್ಲಿನ ಜೊತೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ಐದು ಅಡಿಯಲ್ಲಿ ಕಾಗದ ಒಣಗಿಯೇ ಇತ್ತು. ಅಪ್ಪನ ಮುಖ ಅರಳಿತು. ತಳಕ್ಕೆ ಬಿಟ್ಟು ಹದಿನೈದು ನಿಮಿಷ ಬಿಟ್ಟು ಎಳೆದರೆ ಟಾರ್ಚಿನೊಳಗೆ ನೀರು ಕುಲುಕಾಡುತ್ತಿತ್ತು!

ಲೆಕ್ಕ ನೋಡಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. ಗಾಜಿನ ವ್ಯಾಸ 4 ಸೆಂ.ಮೀ. ಇದ್ದರೆ ವಿಸ್ತೀರ್ಣ ಹನ್ನೆರಡೂವರೆ ಚ.ಸೆಂ.ಮೀ. ಇಪ್ಪತ್ತು ಮೀಟರ್ ಆಳದಲ್ಲಿ ಆ ಪುಟ್ಟ ಗಾಜಿನ ಮೇಲೆ 25 ಕಿಲೋ ಅಕ್ಕಿ ಮೂಟೆ ಕೂತ ಹಾಗೆ. ಬಕೆಟ್ಟಿನ ಒಂದು ಅಡಿ ನೀರು ಏನು ಹೇಳೀತು? ‘ಐಪಿಎಕ್ಸ್7’ ಎಂಬ ಗುರುತಿನ ಅರ್ಥವೂ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅಷ್ಟೆ. ಡೈವಿಂಗ್ ಟಾರ್ಚಿನ ಮೇಲೆ ಆಳ ಮೀಟರುಗಳಲ್ಲಿಯೇ ಬರೆದಿರಬೇಕು. ಹವ್ಯಾಸಿಗಳ ಮಿತಿ 40 ಮೀಟರ್. ಟಾರ್ಚು 60ರಿಂದ 100 ಮೀಟರಿನದಾಗಿರಲಿ.

ಡಬ್ಬಿಯ ಮೇಲಿನ ಉಳಿದ ಅಂಕಿಗಳನ್ನೂ ಹತ್ತನೇ ತರಗತಿಯ ಗಣಿತವೇ ಬಯಲು ಮಾಡಿತು. ಒಳಗಿದ್ದದ್ದು 18650 ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅಷ್ಟು ಗಾತ್ರದಲ್ಲಿ ಒಳ್ಳೆಯ ಸೆಲ್‌ಗೂ ಸಾಮಾನ್ಯವಾಗಿ 3500 ಎಂಎಎಚ್ ಸುತ್ತಮುತ್ತಲೇ ಮಿತಿ. 9900 ಎಂಬುದು ಬರೀ ಬರಹ. 3.5 ಆಂಪಿಯರ್-ಗಂಟೆಯನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವಾಟ್-ಗಂಟೆ. ಎಲ್‌ಇಡಿ ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆನ್ನಿ. 10,000 ಲ್ಯೂಮೆನ್ನಿಗೆ 100 ವಾಟ್ ಬೇಕು. ಸೆಲ್ ಏಳೆಂಟು ನಿಮಿಷಕ್ಕೆ ಖಾಲಿ, ಟಾರ್ಚು ಕೈ ಸುಡುತ್ತದೆ. 1000 ಲ್ಯೂಮೆನ್ನಿಗಾದರೆ 10 ವಾಟ್, ಒಂದು ಗಂಟೆಯ ಮೇಲೆ ಉರಿಯುತ್ತದೆ. ಕಲಿಯುವವರಿಗೆ 500ರಿಂದ 1000 ಧಾರಾಳ.

ಕೊಳ್ಳುವಾಗ ನೋಡಬೇಕಾದ್ದು ಇನ್ನೂ ಒಂದೆರಡಿವೆ. ಟಾರ್ಚು ಅಂಗೈಗೆ ಹಿಡಿಯುವಷ್ಟಿರಲಿ, ಮಣಿಕಟ್ಟಿಗೆ ದಾರವಿರಲಿ. ಸ್ವಿಚ್ಚು ಮೈಗೆ ತೂತು ಕೊರೆಯದೆ ಆಯಸ್ಕಾಂತದಿಂದ ಕೆಲಸ ಮಾಡುವಂಥದ್ದಾದರೆ ಒಳ್ಳೆಯದು. ಮುಚ್ಚಳಕ್ಕೆ ಎರಡು ರಬ್ಬರ್ ಉಂಗುರಗಳಿರಲಿ. ಆ ಉಂಗುರದ ಮೇಲೆ ಒಂದು ತಲೆಗೂದಲು ಕೂತರೂ ನೀರಿಗೆ ದಾರಿ. ಪ್ರತಿ ಸಲ ಒರೆಸಿ, ತಯಾರಕರು ಹೇಳಿದ ಗ್ರೀಸನ್ನೇ ತೆಳ್ಳಗೆ ಸವರಬೇಕು. ಮನೆಯ ಎಣ್ಣೆ ಬೇಡ. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸೆಲ್ ತೆಗೆದಿಡಬೇಕು. ಹಲವು ಡೈವಿಂಗ್ ಟಾರ್ಚುಗಳಿಗೆ ನೀರೇ ತಂಪುಕಾರಿ. ಹೊರಗೆ ಬಹಳ ಹೊತ್ತು ಉರಿಸಬಾರದು.

ತಂದೆತಾಯಿಗಳಿಗೆ ಒಂದು ಮಾತು. ಮಗ ಅಥವಾ ಮಗಳು ಪ್ರವಾಸದಲ್ಲಿ ಒಂದೇ ಒಂದು ಸಲ ಮುಳುಗಿ ನೋಡುವುದಾದರೆ ಟಾರ್ಚು ಕೊಳ್ಳಲೇಬೇಡಿ. ಆ ಹಣದಲ್ಲಿ ಒಳ್ಳೆಯ ತರಬೇತುದಾರರನ್ನು ವಿಚಾರಿಸಿ. ಟಾರ್ಚು ಕೈಕೊಟ್ಟರೆ ಕತ್ತಲಾದೀತು. ಶಿಸ್ತು ಕೈಕೊಟ್ಟರೆ ಜೀವಕ್ಕೇ ಅಪಾಯ.

ನೇಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೋದ ದುಡ್ಡು ಅವರ ಎರಡು ದಿನದ ಮಗ್ಗದ ಕೂಲಿ. ಆಮೇಲೆ, ‘ಬಾವಿಯಾಗೆ ಗೊತ್ತಾಗಿದ್ದು ಒಳ್ಳೇದಾಯ್ತು ಬಿಡ್ರಿ ಸಾರ್’ ಎಂದರು. ಎರಡು ತಿಂಗಳು ಕೂಡಿಸಿ, 100 ಮೀಟರಿನ, 800 ಲ್ಯೂಮೆನ್ನಿನ ಪುಟ್ಟ ಟಾರ್ಚು ತರಿಸಿದರು. ಅದೂ ಮೊದಲು ಅದೇ ಬಾವಿಗಿಳಿಯಿತು. ಕಾಗದ ಒಣಗಿಯೇ ಬಂತು.

ಮುಂದಿನ ಬೇಸಿಗೆಯಲ್ಲಿ ಮುರುಡೇಶ್ವರದಿಂದ ಹುಡುಗಿ ಫೋನು ಮಾಡಿದಳು. ‘ಸಾರ್, ಬೂದುಬಣ್ಣದ ಕಲ್ಲು ಅಂದುಕೊಂಡಿದ್ದೆ. ಓರೆಯಾಗಿ ಟಾರ್ಚು ಬಿಟ್ಟೆ. ಕೆಂಪಗಿತ್ತು ಸಾರ್, ನಮ್ಮಪ್ಪನ ಸೀರೆ ಅಂಚಿನ ಹಾಗೆ!’