15ನೇ ತಾರೀಖಿನ 0025

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ಪ್ರತಿ ಕಿರುಪರೀಕ್ಷೆಯಲ್ಲೂ ಒಂದೇ ರೈಲಿನ ಲೆಕ್ಕ ಕೊಡ್ತಿದ್ರಲ್ಲ, ಆ ರೈಲು ಈಗಲೂ ಹೊರಡುತ್ತಾ?” ಎಂದು ಕೇಳಿ ನಕ್ಕ. ನನ್ನ ಬಳಿ ಗಣಿತ ಕಲಿತವರಿಗೆಲ್ಲ ಆ ಪ್ರಶ್ನೆ ನೆನಪಿರಬೇಕು. “15ನೇ ತಾರೀಖು 0025 ಗಂಟೆಗೆ ಹೊರಡುವ ರೈಲನ್ನು ಹಿಡಿಯಬೇಕಾದವನು ಯಾವ ತಾರೀಖಿನ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು?” ಇದಕ್ಕೆ ಎರಡು ಅಂಕ. ಅರ್ಧ ತರಗತಿ 15 ಎಂದೇ ಬರೆಯುತ್ತಿತ್ತು. ಲೆಕ್ಕ ತಪ್ಪಿದವರನ್ನು ನಾನು ಸುಮ್ಮನೆ ಬಿಡುತ್ತಿದ್ದವನಲ್ಲ, ಅದು ನಿಮಗೆಲ್ಲ ಗೊತ್ತು. ಆದರೆ ಈ ಒಂದು ತಪ್ಪಿಗೆ ಮಾತ್ರ ಯಾರನ್ನೂ ಬೈದದ್ದಿಲ್ಲವೆಂಬುದನ್ನು ಅವನು ಗಮನಿಸಿದ್ದನಂತೆ. ಅಂದು ಕಾರಣ ಹೇಳಿರಲಿಲ್ಲ. ಇಂದು ಬರೆಯುತ್ತಿದ್ದೇನೆ.

ನನ್ನ ತಮ್ಮ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದ. 1981ರಲ್ಲಿ ಭರ್ತಿಯಾಗಿ ಜಬಲ್ಪುರದಲ್ಲಿ ತರಬೇತಿ ಮುಗಿಸಿ, ಆಮೇಲೆ ಎಲ್ಲಿದ್ದಾನೆಂಬುದೇ ನಮಗೆ ತಿಳಿಯದ ಹಾಗೆ ‘56 ಎ.ಪಿ.ಒ.’ ಎಂಬ ವಿಳಾಸದಿಂದ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದ. ಪತ್ರದ ತಲೆಯಲ್ಲಿ ತಾರೀಖು, ಅದರ ಪಕ್ಕದಲ್ಲಿ 2115 ಎಂದೋ 0540 ಎಂದೋ ನಾಲ್ಕು ಅಂಕಿ. ಅವ್ವನಿಗೆ ಓದು ಬಾರದು. ನಾನು ಗಟ್ಟಿಯಾಗಿ ಓದಿ ಹೇಳುವಾಗ ಮೊದಲ ಸಾರಿ “ಇಪ್ಪತ್ತೊಂದು ಹದಿನೈದು” ಎಂದೆ. ಅವಳು ತಡೆದು, “ಇಪ್ಪತ್ತೊಂದು ಗಂಟೇನೂ ಹೊಡೀತದೇನೋ ಅಲ್ಲಿನ ಗಡಿಯಾರ?” ಎಂದಳು.

ಮಧ್ಯಾಹ್ನದ ಹನ್ನೆರಡು ದಾಟಿದ ಮೇಲೆ ಅವರು ಮತ್ತೆ ಒಂದರಿಂದ ಎಣಿಸುವುದಿಲ್ಲ, ಹದಿಮೂರು, ಹದಿನಾಲ್ಕು ಎಂದು ಮುಂದುವರಿಯುತ್ತಾರೆ, ಹನ್ನೆರಡು ಕಳೆದರೆ ನಮ್ಮ ಗಂಟೆ ಸಿಗುತ್ತದೆ ಎಂದು ಹೇಳಿಕೊಟ್ಟೆ. ಬೆರಳು ಮಡಿಸಿ ಎಣಿಸುತ್ತಲೇ ಒಂದೆರಡು ತಿಂಗಳಲ್ಲಿ ಅವಳು ಕಲಿತಳು. ಕಲಿತದ್ದಷ್ಟೇ ಅಲ್ಲ, ಅದು ಮಗನಿಗೆ ಸೇರಿದ ಬೇರೆಯೇ ಒಂದು ಕಾಲವೆಂದು ಭಾವಿಸಿಬಿಟ್ಟಳು. ರಾತ್ರಿ ಮಲಗುವ ಮುನ್ನ “ಈಗ ಅವನಿಗೆ ಎಷ್ಟು ಗಂಟೆ?” ಎಂದು ಕೇಳುತ್ತಿದ್ದಳು. ನಾನು “ಇಪ್ಪತ್ತೊಂದೂವರೆ” ಎಂದರೆ ದೀಪ ಸಣ್ಣದು ಮಾಡಿ ಮಲಗುತ್ತಿದ್ದಳು. ಇಬ್ಬರ ಗಡಿಯಾರದಲ್ಲೂ ಗಳಿಗೆ ಒಂದೇ ಎಂದು ತಿದ್ದಲು ನಾನು ಹೋಗಲಿಲ್ಲ.

ಒಮ್ಮೆ ರಜೆಯಲ್ಲಿ ಬಂದಾಗ ಅವನ ಕೈಯಲ್ಲಿ ಎಚ್.ಎಂ.ಟಿ. ಗಡಿಯಾರವೊಂದಿತ್ತು. ಅದರ ಹೊರಸುತ್ತಿನಲ್ಲಿ 1ರಿಂದ 12, ಒಳಸುತ್ತಿನಲ್ಲಿ ಸಣ್ಣ ಅಂಕಿಗಳಲ್ಲಿ 13ರಿಂದ 24. ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಗಡಿಯಾರ ಮಾಡತೊಡಗಿದ ಸಂಸ್ಥೆ, ಈಗ ಆ ಕಾರ್ಖಾನೆಗಳು ಮುಚ್ಚಿವೆ. ಅವ್ವ ಆ ಗಡಿಯಾರವನ್ನು ಕಿವಿಗೆ ಹಿಡಿದು ಕೇಳಿ, “ಸದ್ದೇನೋ ನಮ್ಮದರ ಹಾಗೇ ಐತೆ” ಎಂದಿದ್ದಳು.

ಸೈನ್ಯದವರು ಕಾಲವನ್ನು ಬರೆಯುವ ಕ್ರಮವನ್ನು ತಮ್ಮನಿಂದಲೇ ನಾನು ಸರಿಯಾಗಿ ತಿಳಿದದ್ದು. ಸದಾ ನಾಲ್ಕು ಅಂಕಿ, ನಡುವೆ ಚುಕ್ಕೆಯಿಲ್ಲ. ಬೆಳಗಿನ ಆರೂವರೆಯನ್ನು 0630 ಎಂದು ಬರೆದು, ‘ಜೀರೋ ಸಿಕ್ಸ್ ಥರ್ಟಿ ಅವರ್ಸ್’ ಎಂದು ಓದಬೇಕು. ಆ ಮೊದಲ ಸೊನ್ನೆ ಏಕೆಂದು ಕೇಳಿದೆ. “ಅಣ್ಣಾ, ವೈರ್‌ಲೆಸ್ಸಿನಲ್ಲಿ ಕರಕರ ಅಂತಿರುವಾಗ ಮಾತು ಅರ್ಧ ಕೇಳುತ್ತೆ, ಅರ್ಧ ಇಲ್ಲ. ನಾಲ್ಕು ಅಂಕಿ ಅಂತ ನಿಯಮ ಇದ್ದರೆ ಮೂರೇ ಕೇಳಿಸಿದಾಗ ಒಂದು ಬಿದ್ದುಹೋಗಿದೆ ಅಂತ ಗೊತ್ತಾಗುತ್ತೆ” ಎಂದ. ಬಿ.ಎಡ್. ಮಾಡಿದವನಾದ ನನಗೂ ಸೊನ್ನೆಯ ಬೆಲೆಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆಯುವ ಉಪಾಯವೊಂದನ್ನು ನಾನೇ ಕಂಡುಕೊಂಡು ನಿಮಗೆ ಹೇಳಿಕೊಟ್ಟಿದ್ದೆ, ಮರೆತವರು ಮತ್ತೊಮ್ಮೆ ಮಾಡಿ ನೋಡಿ. 0815ಕ್ಕೆ ಹೊರಟ ಬಸ್ಸು 1405ಕ್ಕೆ ತಲುಪಿದರೆ ಪ್ರಯಾಣ ಎಷ್ಟು? ಸಾಮಾನ್ಯ ಸಂಖ್ಯೆಗಳಂತೆ ಕಳೆದರೆ 590 ಬರುತ್ತದೆ. ಐದು ಗಂಟೆ ತೊಂಬತ್ತು ನಿಮಿಷ ಎಂಬುದು ತಪ್ಪು ಉತ್ತರ. ನಿಮಿಷದ ಮನೆಗೆ ಗಂಟೆಯ ಮನೆಯಿಂದ ಸಾಲ ತಂದಾಗ ನಾವು ನೂರು ತಂದೆವು, ಅಲ್ಲಿ ಇದ್ದದ್ದು ಅರವತ್ತೇ. ಹೆಚ್ಚಾಗಿ ತಂದ ನಲವತ್ತನ್ನು ಹಿಂದಿರುಗಿಸಿದರೆ 550, ಅಂದರೆ ಐದು ಗಂಟೆ ಐವತ್ತು ನಿಮಿಷ. ‘ಸಾಲ ತಂದರೆ ನಲವತ್ತು ಕೊಡು’ ಎಂದು ಹಿಂದಿನ ಬೆಂಚಿನವರು ಊಟದ ಬಿಡುವಿನಲ್ಲಿ ಕೂಗುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಇನ್ನು ಎ.ಎಂ., ಪಿ.ಎಂ. ವಿಚಾರ. ಲ್ಯಾಟಿನ್ನಿನಲ್ಲಿ ಅವು ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ನಂತರ ಎಂಬ ಅರ್ಥದವು. ಹಾಗಾದರೆ ನಡುಮಧ್ಯಾಹ್ನದ ಹನ್ನೆರಡು ಮುಂಚೆಯೂ ಅಲ್ಲ, ನಂತರವೂ ಅಲ್ಲ! ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಎಂಬ ಕೆನಡಾದ ರೈಲ್ವೆ ಎಂಜಿನಿಯರು 1876ರಲ್ಲಿ ಐರ್ಲೆಂಡಿನ ಪ್ರವಾಸದಲ್ಲಿದ್ದಾಗ, ವೇಳಾಪಟ್ಟಿಯಲ್ಲಿ ಎ.ಎಂ. ಇರಬೇಕಾದಲ್ಲಿ ಪಿ.ಎಂ. ಎಂದು ಅಚ್ಚಾಗಿದ್ದರಿಂದ ರೈಲು ತಪ್ಪಿಸಿಕೊಂಡರಂತೆ. ನಮ್ಮಂಥವರಾಗಿದ್ದರೆ ಸ್ಟೇಷನ್ ಮಾಸ್ತರರೊಡನೆ ಜಗಳವಾಡಿ ಸುಮ್ಮನಾಗುತ್ತಿದ್ದೆವು. ಆತ ಇಡೀ ಜಗತ್ತಿಗೇ 24 ಗಂಟೆಯ ಒಂದು ಗಡಿಯಾರ ಬೇಕೆಂದು ವಾದ ಹೂಡಿದರು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು, ಲೋಕಕ್ಕೆಲ್ಲ ಸಾಮಾನ್ಯವಾದ ದಿನವು ಗ್ರೀನಿಚ್ಚಿನ ನಡುರಾತ್ರಿಯಲ್ಲಿ ಆರಂಭವಾಗತಕ್ಕದ್ದು, ಅದರ ಗಂಟೆಗಳನ್ನು ಸೊನ್ನೆಯಿಂದ ಇಪ್ಪತ್ತನಾಲ್ಕರವರೆಗೆ ಎಣಿಸತಕ್ಕದ್ದು ಎಂದು ಗೊತ್ತುಮಾಡಿತು. ಬ್ರಿಟಿಷ್ ನೌಕಾಪಡೆ 1915ರಲ್ಲಿ, ಭೂಸೇನೆ 1918ರಲ್ಲಿ ಈ ಕ್ರಮಕ್ಕೆ ಬಂದವು. ಅಮೆರಿಕದ ಭೂಸೇನೆಯಂತೂ 1942ರವರೆಗೆ ಕಾಯಿತು. ರೈಲಿನಿಂದ ಹುಟ್ಟಿದ ವಿಚಾರ ಸಿಪಾಯಿಗಳ ಹೆಸರಿನಲ್ಲಿ ಪ್ರಸಿದ್ಧವಾಯಿತೆನ್ನಬಹುದು.

ಆದರೆ ದಿನ ಆರಂಭವಾಗುವುದು ನಡುರಾತ್ರಿಯಲ್ಲಿ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅದರಲ್ಲಿ ಅರವತ್ತು ಗಳಿಗೆ, ಒಂದೊಂದು ಗಳಿಗೆಗೆ 24 ನಿಮಿಷ. ಬೇರೆ ಎಣಿಕೆಯಲ್ಲಿ ಎಂಟು ಜಾವ, ಒಂದೊಂದು ಜಾವಕ್ಕೆ ಮೂರು ಗಂಟೆ. ‘ಬೆಳಗಿನ ಜಾವ’ವೆಂದರೂ ಅದು ಹಿಂದಿನ ದಿನದ ಕೊನೆಯ ಜಾವವೇ, ಕೋಳಿ ಕೂಗಿ ಬೆಳಕು ಹರಿಯುವವರೆಗೆ ವಾರ ಬದಲಾಗದು. ಅವ್ವನ ಲೋಕದಲ್ಲಿ ಶುಕ್ರವಾರ ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿದರೆ ಅದು ಶುಕ್ರವಾರವೇ ಬೊಗಳಿದ್ದು. ಖಗೋಳವಿಜ್ಞಾನಿಗಳ ಪಂಥ ಇನ್ನೂ ವಿಚಿತ್ರ. ಇರುಳೆಲ್ಲ ಆಕಾಶ ನೋಡುವವರಿಗೆ ನಡುವೆ ತಾರೀಖು ಬದಲಾಗುವುದು ಕಿರುಕುಳವೆಂದು 1925ರವರೆಗೆ ಅವರು ಮಧ್ಯಾಹ್ನದಿಂದಲೇ ದಿನವನ್ನು ಆರಂಭಿಸುತ್ತಿದ್ದರು. ನಾನು ಶಾಲೆಯಲ್ಲಿ ಒಂದು ಪಂಥದವನು, ಮನೆಯಲ್ಲಿ ಇನ್ನೊಂದು ಪಂಥದವನು ಎಂಬುದು ನನಗೇ ತಿಳಿದಿರಲಿಲ್ಲ.

1993ರ ಮೇ ತಿಂಗಳು. ತಮ್ಮ ಎರಡು ವರ್ಷದ ಮೇಲೆ ರಜೆಯಲ್ಲಿ ಬಂದಿದ್ದ. ಬೇಸಿಗೆಯ ನೂಕುನುಗ್ಗಲು, ರೈಲಿನಲ್ಲಿ ಜಾಗ ಸಿಗುವುದೇ ಕಷ್ಟ. ಅವನ ವಾರಂಟನ್ನು ತೆಗೆದುಕೊಂಡು ಟಿಕೆಟ್ ಕಾಯ್ದಿರಿಸಿ ಬಂದವನು ನಾನು. ಲೆಕ್ಕದ ಮೇಷ್ಟ್ರು ಹೋಗಿ ಬಂದಿದ್ದಾನೆಂದು ಯಾರೂ ಟಿಕೆಟನ್ನು ಬಿಡಿಸಿ ನೋಡಲಿಲ್ಲ. ರೈಲು ಜಂಕ್ಷನ್ನಿಗೆ ಬರುವುದು ರಾತ್ರಿ 0025ಕ್ಕೆ, ತಾರೀಖು 15. ನಾನು ಮನೆಯಲ್ಲಿ ಹೇಳಿದ್ದು: “ಹದಿನೈದನೇ ತಾರೀಖು ಶನಿವಾರ ರಾತ್ರಿ ರೈಲು.”

ಶನಿವಾರ ಮಧ್ಯಾಹ್ನಕ್ಕೆ ಒಬ್ಬಟ್ಟು ಎಂದು ಅವ್ವ ತೀರ್ಮಾನಿಸಿದಳು. ಅವನ ಜೊತೆಗೆ ಕಟ್ಟಿಕೊಡಲು ಕೋಡುಬಳೆಯನ್ನೂ ಅಂದೇ ಬಿಸಿಬಿಸಿಯಾಗಿ ಮಾಡುವುದೆಂದು ಮುಂದಕ್ಕೆ ಹಾಕಿದಳು. ಶುಕ್ರವಾರ ಸಂಜೆ ಕಡಲೆಬೇಳೆ ಆರಿಸಿ ಮೊರದಲ್ಲಿಟ್ಟು, ಬೆಲ್ಲ ಜಜ್ಜಿ ಡಬ್ಬಿಗೆ ತುಂಬಿದಳು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ತಮ್ಮ “ಟಿಕೆಟ್ ಕೊಡಣ್ಣ, ಬೋಗಿ ನಂಬರ್ ಬರ್ಕೋತೀನಿ” ಎಂದ. ಕೊಟ್ಟೆ. ಎಡಗೈಯಲ್ಲಿ ಹಿಡಿದು ದೀಪಕ್ಕೆ ಓರೆಮಾಡಿ ನೋಡಿದವನು, ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು ಕೈಗಡಿಯಾರ ನೋಡಿಕೊಂಡ. “ಅಣ್ಣಾ, ಇದು ಈವತ್ತು ರಾತ್ರಿದು.” ನಾನು ಒಪ್ಪಲಿಲ್ಲ. 15 ಎಂದರೆ ನಾಳೆ ಎಂದು ಹಟ ಹಿಡಿದೆ. ಅವನು ವಾದಿಸದೆ, ಅಲ್ಲಿದ್ದ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ 150025 ಎಂದು ಬರೆದು ತೋರಿಸಿದ. “ನಮ್ಮಲ್ಲಿ ಹೀಗೆ ಬರೀತಾರೆ. ತಾರೀಖನ್ನೂ ಗಂಟೆಯನ್ನೂ ಬಿಡಿಸೋದೇ ಇಲ್ಲ. ಹದಿನೈದು ಹುಟ್ಟಿ ಇಪ್ಪತ್ತೈದು ನಿಮಿಷಕ್ಕೆ ಅಂತ ಅರ್ಥ.”

ಆಗ ಗಂಟೆ 2040. ಕೊನೆಯ ಬಸ್ಸು ಹೋಗಿಯಾಗಿತ್ತು, ಜಂಕ್ಷನ್ನಿಗೆ ಹದಿನೆಂಟು ಮೈಲಿ. ಈ ರೈಲು ತಪ್ಪಿದರೆ ದೆಹಲಿಯಿಂದ ಮುಂದಿನ ರೈಲೂ ತಪ್ಪುತ್ತಿತ್ತು. ಮತ್ತೆ ಜಾಗ ಸಿಗುವ ಹೊತ್ತಿಗೆ ಅವನ ರಜೆ ಮುಗಿದು, ಹಾಜರಾಗದ ತಪ್ಪಿಗೆ ಶಿಕ್ಷೆ ಕಾದಿರುತ್ತಿತ್ತು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುತ್ತಿದ್ದ ನೆರೆಮನೆಯವರ ಮೆಟಡೋರ್ ಇತ್ತು. ಅವರನ್ನು ಎಬ್ಬಿಸಿದೆವು. ಟ್ರಂಕು ತುಂಬುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ, ಸಿಪಾಯಿಗೆ ಅದು ಅಭ್ಯಾಸ. ಅವ್ವ ಮಾತ್ರ ಒಲೆಯ ಮುಂದೆ ಒಮ್ಮೆ, ಬೇಳೆಯ ಮೊರದ ಮುಂದೆ ಒಮ್ಮೆ ನಿಂತು, ಕೊನೆಗೆ ರಾತ್ರಿ ಉಳಿದಿದ್ದ ನಾಲ್ಕು ರೊಟ್ಟಿಯನ್ನೂ ಚಟ್ನಿಪುಡಿಯನ್ನೂ ಬಟ್ಟೆಯಲ್ಲಿ ಕಟ್ಟಿದಳು. ಹೊರಡುವಾಗ ಅವನ ತಲೆ ಸವರಿ, ನನ್ನ ಕಡೆ ತಿರುಗಿ, “ನಿನ್ನ ಲೆಕ್ಕದಾಗೆ ನಂದೊಂದು ದಿನ ಹೋಯ್ತಲ್ಲೋ” ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಮರೆಯುತ್ತಿದ್ದೆನೇನೋ.

ರೈಲು ಸಿಕ್ಕಿತು. ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಮುಖ ನೋಡಿ ತಮ್ಮ ಸಮಾಧಾನ ಹೇಳಿದ. ಅವರ ಸಂದೇಶಗಳಲ್ಲಿ ಗಂಟೆಯ ಕೊನೆಗೆ ಒಂದು ಅಕ್ಷರ ಇರುತ್ತದೆ, ಅದು ‘ಝಡ್’ ಆದರೆ, ಅಂದರೆ ಅವರ ಭಾಷೆಯ ‘ಜುಲು’ ಆದರೆ, ಗ್ರೀನಿಚ್ ಸಮಯ. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. “ಆ ಲೆಕ್ಕಕ್ಕೆ ಈ ರೈಲು ಹೊರಡೋದು ಹದಿನಾಲ್ಕನೇ ತಾರೀಖು 1855ಕ್ಕೆ. ಗ್ರೀನಿಚ್ಚಿನವರ ಲೆಕ್ಕದಲ್ಲಿ ಟಿಕೆಟ್ಟೇ ತಪ್ಪು, ನೀನಲ್ಲ” ಎಂದು ನಕ್ಕ. ನಾನೂ ನಗಲು ಪ್ರಯತ್ನಿಸಿದೆ.

ಮರುದಿನ ಅವ್ವ ಒಬ್ಬಟ್ಟು ಮಾಡಿಯೇ ಮಾಡಿದಳು. ಬೇಳೆ ಆರಿಸಿದ್ದಾಗಿದೆ, ಇನ್ನೇನು ಎಂದಳು. ಮಕ್ಕಳು ಸಂತೋಷವಾಗಿ ತಿಂದವು. ಜೂನಿನಲ್ಲಿ ಶಾಲೆ ತೆರೆದ ಮೇಲೆ ನಾನು ಕೊಟ್ಟ ಮೊದಲ ಕಿರುಪರೀಕ್ಷೆಯಲ್ಲಿ ಆ ರೈಲಿನ ಪ್ರಶ್ನೆ ಸೇರಿತು. 2018ರಲ್ಲಿ ನಿವೃತ್ತನಾಗುವವರೆಗೂ ಅದನ್ನು ಬಿಡಲಿಲ್ಲ.

ಆ ವರ್ಷವೇ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ತಮ್ಮನನ್ನು ಅವಳು ಮತ್ತೆ ನೋಡಲಿಲ್ಲ. ಊರಿನವರೆಲ್ಲ ಬುಧವಾರ ರಾತ್ರಿ ಹೋದಳೆನ್ನುತ್ತಾರೆ, ಪುರೋಹಿತರೂ ಬುಧವಾರವೆಂದೇ ಹೇಳಿದರು. ಮರಣಪತ್ರದಲ್ಲಿರುವುದು ನವೆಂಬರ್ 18, ಗುರುವಾರ. ತಂತಿ ತಲುಪಿ, ರಜೆ ಮಂಜೂರಾಗಿ ತಮ್ಮ ಮನೆ ಸೇರುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಟ್ರಂಕನ್ನು ಜಗಲಿಯ ಮೇಲಿಟ್ಟು ಮೊದಲು ಕೇಳಿದ್ದೇ ಎಷ್ಟು ಹೊತ್ತಿಗೆ ಎಂದು. ಬುಧವಾರ ರಾತ್ರಿ ಮೂರೂ ನಲವತ್ತಕ್ಕೆ ಎಂದೆ. ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು 180340 ಎಂದು ಬರೆದುಕೊಂಡ. ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದು, “ನಾನು ಆಗ ಎದ್ದಿದ್ದೆ ಅಣ್ಣ. ಡ್ಯೂಟಿಲಿದ್ದೆ” ಎಂದ.